ಅಮೆರಿಕದ ಲೇಖಕ-ಪ್ರಾಧ್ಯಾಪಕರೊಬ್ಬರ ವಂಶಮೂಲ ಹುಡುಕುವುದು ಹೇಗೆ? ಐಸಾಕ್ ಅಸಿಮೋವ್ ಅವರನ್ನೇ ಹಿಡಿದು ಒಂದು ಮಾರ್ಗದರ್ಶಿ

ಅಮೆರಿಕನ್ ಸಾಹಿತ್ಯದ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳು, ಕನ್ನಡ ವಿಕಿಪೀಡಿಯಕ್ಕೆ ಲೇಖಕರ ಪರಿಚಯ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಇಲ್ಲೇ ಕೂತು ಅಲ್ಲಿನ ಲೇಖಕರ ಅಜ್ಜ, ಮುತ್ತಜ್ಜರನ್ನು ಪತ್ತೆ ಮಾಡಬಹುದೇ? ದುಡ್ಡೆಷ್ಟು ಬೇಕು?" ಮಾಡಬಹುದು. ಮುಕ್ಕಾಲು ಪಾಲು ಕೆಲಸಕ್ಕೆ ದುಡ್ಡು ಬೇಡ. ತಾಳ್ಮೆ ಬೇಕು, ಜೊತೆಗೆ ಒಂದಿಷ್ಟು ಗುಮಾನಿಯೂ ಬೇಕು. ಲೇಖಕರು ತಮ್ಮ ಮನೆತನದ ಬಗ್ಗೆ ತಾವೇ ಬರೆದುಕೊಂಡದ್ದರ ಮೇಲಂತೂ ಆ ಗುಮಾನಿ ಸ್ವಲ್ಪ ಹೆಚ್ಚೇ ಇರಲಿ.

ನಮ್ಮ ಕಡೆ ಹೆಳವರು ಮನೆ ಬಾಗಿಲಿಗೇ ಬಂದು ತಲೆಮಾರುಗಳ ಹೆಸರು ಒಪ್ಪಿಸುತ್ತಾರೆ. ಅಮೆರಿಕದಲ್ಲಿ ಆ ಕೆಲಸ ಮಾಡಿಟ್ಟವರು ಜನಗಣತಿಯವರು, ಹಡಗು ಕಂಪನಿಯ ಗುಮಾಸ್ತರು, ಕೋರ್ಟಿನ ಕಾರಕೂನರು. ವಂಶಾವಳಿ ಬರೆಯುತ್ತಿದ್ದೇವೆ ಎಂಬ ಅರಿವು ಅವರಿಗಿರಲಿಲ್ಲ. ಕೇಳಿದ್ದನ್ನು ಕೇಳಿದಂತೆ ಗೀಚಿಕೊಂಡು ಮುಂದಿನ ಮನೆಗೆ ಹೋದರು.

ಉದಾಹರಣೆಗೆ ಐಸಾಕ್ ಅಸಿಮೋವ್ ಅವರನ್ನು ಆರಿಸಿಕೊಂಡಿದ್ದೇನೆ. ವಿಜ್ಞಾನ ಕಥೆ ಓದುವ ಕನ್ನಡಿಗರಿಗೆ ಪರಿಚಯ ಬೇಡದ ಹೆಸರು. 1949ರಿಂದ ಬೋಸ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜೀವರಸಾಯನ ಶಾಸ್ತ್ರ ಕಲಿಸಿದವರು, 1979ರಲ್ಲಿ ಪೂರ್ಣ ಪ್ರಾಧ್ಯಾಪಕರಾದವರು. ಇವರನ್ನು ಆರಿಸಲು ಇನ್ನೊಂದು ಕಾರಣವೂ ಇದೆ. ಈ ಕೆಲಸದಲ್ಲಿ ಎದುರಾಗುವ ತೊಡಕುಗಳು ಹೆಚ್ಚುಕಡಿಮೆ ಎಲ್ಲವೂ ಇವರೊಬ್ಬರಲ್ಲೇ ಸಿಗುತ್ತವೆ: ಅನುಮಾನದ ಹುಟ್ಟುದಿನ, ಬದಲಾದ ಕಾಗುಣಿತ, ಜಾಗ ಬದಲಿಸಿದ ಗಡಿ, ಇಲ್ಲದ ಸಮಾಧಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಹಳೆಯ ದಾಖಲೆಗಳನ್ನು ಹುಡುಕಲು ಫ್ಯಾಮಿಲಿಸರ್ಚ್ ತಾಣದಲ್ಲಿ ಒಂದು ಖಾತೆ. ಇದು ಉಚಿತ. ಮಾರ್ಮನ್ ಚರ್ಚ್ ನಡೆಸುತ್ತದೆ, ಆದರೆ ನಿಮ್ಮ ಧರ್ಮ ಯಾರೂ ಕೇಳುವುದಿಲ್ಲ. ಯಹೂದಿ ಮೂಲದ ಲೇಖಕರಾದರೆ ಜ್ಯೂಯಿಶ್‌ಜೆನ್ ತಾಣದಲ್ಲೂ ಒಂದು ಖಾತೆ ತೆರೆಯಿರಿ, ಅದೂ ಉಚಿತ. ಇದೇ ಬಗೆಯ ಆನ್ಸೆಸ್ಟ್ರಿ ತಾಣಕ್ಕೆ ಚಂದಾ ಕಟ್ಟಬೇಕು. ಅವಸರಪಟ್ಟು ಕಟ್ಟಬೇಡಿ. ಉಚಿತ ತಾಣಗಳಲ್ಲಿ ಸಿಗದ ದಾಖಲೆಗಳ ಪಟ್ಟಿ ಮಾಡಿಟ್ಟುಕೊಂಡು, ಒಂದೇ ತಿಂಗಳಿಗೆ ಕಟ್ಟಿ, ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಿ.

ಆಮೇಲೆ ನಾಲ್ಕು ಅಂಕಣದ ಒಂದು ತಖ್ತೆ: ಸಂಗತಿ ಏನು, ಯಾವ ದಾಖಲೆಯಲ್ಲಿದೆ, ಅದನ್ನು ಹೇಳಿದವರು ಯಾರು, ಘಟನೆಯಾದ ಎಷ್ಟು ವರ್ಷಕ್ಕೆ ಬರೆದದ್ದು. ಮೂರನೆಯ ಅಂಕಣವನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಎರಡು ದಾಖಲೆ ಜಗಳವಾಡಿದಾಗ ತೀರ್ಪು ಕೊಡುವುದು ಆ ಅಂಕಣವೇ.

ಒಂದು ಪಾರಿಭಾಷಿಕ ಪದವನ್ನು ಈಗಲೇ ಹೇಳಿಬಿಡುತ್ತೇನೆ. ತಾಣದಲ್ಲಿ ಹೆಸರು ಟೈಪ್ ಮಾಡಿದಾಗ ಬರುವುದು ‘ಇಂಡೆಕ್ಸ್’, ಅಂದರೆ ಹಳೆಯ ಕೈಬರಹವನ್ನು ಯಾರೋ ಓದಿ ಟೈಪ್ ಮಾಡಿದ ಸೂಚಿ. ಅದರ ಹಿಂದಿನ ಪುಟದ ಚಿತ್ರವೇ ದಾಖಲೆ. ಸೂಚಿಯನ್ನು ಉಲ್ಲೇಖಿಸಬೇಡಿ, ಚಿತ್ರ ತೆರೆದು ಓದಿ.

ಹಂತ 1: ಲೇಖಕರ ಮಾತನ್ನು ಸಾಕ್ಷಿಯಾಗಿ ಬರೆದುಕೊಳ್ಳಿ, ತೀರ್ಪಾಗಿ ಅಲ್ಲ

ಅಸಿಮೋವ್ 1979 ಮತ್ತು 1980ರಲ್ಲಿ ಎರಡು ದಪ್ಪ ಸಂಪುಟಗಳ ಆತ್ಮಕಥೆ ಹೊರತಂದರು. ಸಂಶೋಧಕರಿಗೆ ಇದಕ್ಕಿಂತ ಸುಗ್ಗಿ ಬೇಕೇ ಎನಿಸುತ್ತದೆ. ತಂದೆ ಜೂಡಾ, ಹಿಟ್ಟಿನ ಗಿರಣಿಯವರ ಮಗ. ತಾಯಿ ಆ್ಯನಾ ರೇಚಲ್, ತವರು ಮನೆತನ ಬರ್ಮನ್. ಹುಟ್ಟೂರು ರಷ್ಯಾದ ಪೆತ್ರೊವಿಚಿ. ಇಷ್ಟನ್ನು ತಖ್ತೆಗೆ ಹಾಕಿ.

ಈಗ ಹುಟ್ಟಿದ ದಿನಕ್ಕೆ ಬನ್ನಿ. ಅವರು ಆಚರಿಸುತ್ತಿದ್ದದ್ದು 1920ರ ಜನವರಿ 2. ಆದರೆ 1919ರ ಅಕ್ಟೋಬರ್ 4ರಿಂದ ಆ ದಿನದವರೆಗೆ ಯಾವಾಗ ಬೇಕಾದರೂ ಹುಟ್ಟಿರಬಹುದು ಎಂದು ಅವರೇ ಒಪ್ಪಿಕೊಂಡಿದ್ದರು. ಇದು ಸಾಲದೆಂಬಂತೆ, ಮಗನನ್ನು ಒಂದು ವರ್ಷ ಮೊದಲೇ ಶಾಲೆಗೆ ಸೇರಿಸಲು ತಾಯಿ 1919ರ ಸೆಪ್ಟೆಂಬರ್ 7 ಎಂದು ಬರೆಸಿದರು. ಮೂರನೆಯ ತರಗತಿಯಲ್ಲಿ ಹುಡುಗನಿಗೆ ಗೊತ್ತಾಗಿ, ಹಟಮಾಡಿ ತಿದ್ದಿಸಿದ. (ಶಾಲೆಗೆ ಸೇರಿಸಲು ಹುಟ್ಟುದಿನ ಹಿಂದೆಮುಂದೆ ಮಾಡಿಸುವ ತಾಯಂದಿರು ನಮಗೇನು ಹೊಸಬರಲ್ಲ.) ಆ ತಿದ್ದುಪಡಿಯ ಬೆಲೆ 1945ರಲ್ಲಿ ತಿಳಿಯಿತು. ಸೈನ್ಯಕ್ಕೆ ಕರೆ ಬಂದಾಗ ಹಳೆಯ ದಿನಾಂಕವೇ ಉಳಿದಿದ್ದರೆ ಕಾಗದದ ಮೇಲೆ 26 ತುಂಬಿರುತ್ತಿತ್ತು, ಕರೆಯಿಂದ ಪಾರಾಗುತ್ತಿದ್ದರು.

ಹಾಗಾಗಿ ಯಾವುದೋ ದಾಖಲೆಯಲ್ಲಿ ಸೆಪ್ಟೆಂಬರ್ 7 ಕಂಡರೆ "ಇವರು ಬೇರೆ ಯಾರೋ ಐಸಾಕ್" ಎಂದು ಪಕ್ಕಕ್ಕಿಡಬೇಡಿ. ಹುಟ್ಟಿದ ವರ್ಷಕ್ಕೆ ಎರಡು ವರ್ಷ ಹಿಂದೆ, ಎರಡು ವರ್ಷ ಮುಂದೆ ಎಂದು ಹುಡುಕುವುದು ಈ ಕೆಲಸದ ವಾಡಿಕೆ.

ಹಂತ 2: ಸಾವಿನಿಂದ ಹಿಂದಕ್ಕೆ ನಡೆಯಿರಿ

ಹೊಸಬರು ಮುತ್ತಜ್ಜನಿಂದ ಶುರು ಮಾಡಿ ಕೆಳಗೆ ಬರಲು ನೋಡುತ್ತಾರೆ. ಹಾಗೆ ಮಾಡಿದರೆ ಅದೇ ಹೆಸರಿನ ಯಾವುದೋ ಮುತ್ತಜ್ಜ ನಿಮ್ಮ ಲೇಖಕರಿಗೆ ಗಂಟುಬೀಳುತ್ತಾನೆ. ತೀರಾ ಇತ್ತೀಚಿನ ದಾಖಲೆಯಿಂದ ಹೊರಟು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಮಗ-ತಂದೆ ಎಂಬ ಪ್ರತಿಯೊಂದು ಕೊಂಡಿಗೂ ಕನಿಷ್ಠ ಒಂದು ದಾಖಲೆ ಬೇಕು.

ಮರಣದ ದಾಖಲೆಯಲ್ಲಿ ತಂದೆ, ತಾಯಿಯ ಹೆಸರು ಇರುತ್ತದೆ. ಆದರೆ ಹೇಳಿದವರು ಮಕ್ಕಳೋ ಗಂಡ-ಹೆಂಡತಿಯೋ ಆಗಿರುತ್ತಾರೆ, ಅವರಿಗೆ ಸತ್ತವರ ತಾಯಿಯ ತವರು ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ಪತ್ರಿಕೆಯ ಮರಣವಾರ್ತೆ ಇನ್ನೂ ಜಾರು ನೆಲ. ಅಸಿಮೋವ್ 1992ರ ಏಪ್ರಿಲ್ 6ರಂದು ತೀರಿಕೊಂಡಾಗ ಹೃದಯ ಮತ್ತು ಮೂತ್ರಪಿಂಡದ ವೈಫಲ್ಯ ಎಂದೇ ವರದಿಯಾಯಿತು. 1983ರ ಶಸ್ತ್ರಚಿಕಿತ್ಸೆಯಲ್ಲಿ ಕೊಟ್ಟ ರಕ್ತದಿಂದ ಎಚ್‌ಐವಿ ತಗುಲಿತ್ತೆಂದು ಕುಟುಂಬ ಹೇಳಿದ್ದು ಸುಮಾರು ಹತ್ತು ವರ್ಷದ ಮೇಲೆ. ದೇಹವನ್ನು ದಹನ ಮಾಡಿದ್ದರಿಂದ ಸಮಾಧಿ ಕಲ್ಲಿನ ಬರಹವೂ ಇಲ್ಲ. ಸಮಾಧಿ ಫೋಟೊಗಳ ತಾಣಗಳಲ್ಲಿ ಹುಡುಕಿ ಸುಸ್ತಾಗುವ ಮುನ್ನ ಇದೊಂದನ್ನು ಖಾತ್ರಿ ಮಾಡಿಕೊಳ್ಳಿ.

ಎರಡು ಎಚ್ಚರಿಕೆ. ನ್ಯೂಯಾರ್ಕ್ ನಗರದ ಜನನ-ಮರಣ ದಾಖಲೆಗಳು ನ್ಯೂಯಾರ್ಕ್ ರಾಜ್ಯದ ಕಚೇರಿಯಲ್ಲಿ ಇರುವುದಿಲ್ಲ, ನಗರದ್ದೇ ಬೇರೆ ವ್ಯವಸ್ಥೆ. ಹಳೆಯ ವರ್ಷಗಳವನ್ನು ನಗರದ ಮುನಿಸಿಪಲ್ ಆರ್ಕೈವ್ಸ್ 2022ರಿಂದ ಉಚಿತವಾಗಿ ಅಂತರ್ಜಾಲಕ್ಕೆ ಹಾಕುತ್ತಿದೆ. ಇನ್ನೊಂದು: ತಾಯಿಯ ತವರು ಹೆಸರು ಸಿಗದಿದ್ದರೆ ‘ಎಸ್‌ಎಸ್-5’ ನೆನಪಿಡಿ. ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ ಯೋಜನೆ) ಸಂಖ್ಯೆಗೆ ಸಲ್ಲಿಸುತ್ತಿದ್ದ ಅರ್ಜಿ ಇದು, 1936ರ ಕೊನೆಯಲ್ಲಿ ಶುರುವಾಯಿತು. ಅರ್ಜಿದಾರರು ತಂದೆ-ತಾಯಿಯ ಹೆಸರನ್ನು ತಾವೇ ಬರೆದಿರುತ್ತಾರೆ. ಪ್ರತಿಗೆ ಶುಲ್ಕವಿದೆ.

ಹಂತ 3: ಜನಗಣತಿ

ಅಮೆರಿಕದ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಬಂತು, 1960ರದ್ದಕ್ಕೆ 2032ರವರೆಗೆ ಕಾಯಬೇಕು. 1890ರದ್ದು 1921ರ ಬೆಂಕಿಯಲ್ಲಿ ಬಹುತೇಕ ಹೋಯಿತು; ಆ ಇಪ್ಪತ್ತು ವರ್ಷದ ಕಂದರ ಎಲ್ಲರಿಗೂ ಇದ್ದದ್ದೇ.

ಅಸಿಮೋವ್ ಕುಟುಂಬ ಬಂದಿದ್ದು 1923ರಲ್ಲಿ. ಹಾಗಾದರೆ ಮೊದಲು 1930ರದ್ದು ನೋಡಬೇಕೇ? ಇಲ್ಲ. ನ್ಯೂಯಾರ್ಕ್ ರಾಜ್ಯ 1925ರಲ್ಲಿ ತನ್ನದೇ ಗಣತಿ ನಡೆಸಿತ್ತು. ಬಂದು ಎಷ್ಟು ವರ್ಷವಾಯಿತು, ಪೌರತ್ವ ಸಿಕ್ಕಿದೆಯೇ ಎಂದು ಅದರಲ್ಲಿ ಕೇಳಿದ್ದಾರೆ. ಹೊಸದಾಗಿ ಬಂದಿಳಿದ ಕುಟುಂಬಕ್ಕೆ ಇದೇ ಮೊದಲ ನಿಲ್ದಾಣ.

ಆಮೇಲೆ 1930. ಅದರಲ್ಲಿ ವಲಸೆ ಬಂದ ವರ್ಷ, ಮಾತೃಭಾಷೆ, ಮೊದಲ ಮದುವೆಯಾದಾಗಿನ ವಯಸ್ಸು ಇರುತ್ತವೆ. ಪೌರತ್ವದ ಅಂಕಣದಲ್ಲಿ ಎರಡಕ್ಷರದ ಸಂಕೇತ: ‘ಎನ್‌ಎ’ ಅಂದರೆ ಪೌರತ್ವ ಸಿಕ್ಕಿದೆ, ‘ಪಿಎ’ ಅಂದರೆ ಮೊದಲ ಅರ್ಜಿ ಹಾಕಿದ್ದಾರೆ, ‘ಎಎಲ್’ ಅಂದರೆ ಇನ್ನೂ ಪರದೇಶಿ. 1940ರ ಹಾಳೆಯಲ್ಲಿ ಒಂದು ಹೆಸರಿನ ಪಕ್ಕ ವೃತ್ತದೊಳಗೆ ಗುಣಿಸು ಗುರುತು ಕಂಡರೆ ಮಾಹಿತಿ ಕೊಟ್ಟವರು ಅವರೇ. ನಿಮ್ಮ ಮೂರನೆಯ ಅಂಕಣಕ್ಕೆ ಇಷ್ಟು ಸುಲಭದ ಉತ್ತರ ಇನ್ನೆಲ್ಲೂ ಸಿಗದು. ಅಕ್ಕಪಕ್ಕದ ಹತ್ತಾರು ಮನೆಗಳನ್ನೂ ಓದಿ, ಸೋದರಮಾವಂದಿರು ಹೆಚ್ಚಾಗಿ ಅದೇ ಬೀದಿಯಲ್ಲಿರುತ್ತಾರೆ.

ಹೆಸರು ಸಿಗದಿದ್ದರೆ ಕಾಗುಣಿತ ಬದಲಿಸಿ ನೋಡಿ. ಅಮೆರಿಕಕ್ಕೆ ಬಂದಾಗ ಜೂಡಾ ಅವರು ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಜರ್ಮನ್ನಿನಂತೆ ‘ಝ’ ಎಂದು ಓದುತ್ತಾರೆಂದು ತಿಳಿದು ಅದನ್ನೇ ಬರೆದರು. ಅಝಿಮೋವ್ ಹೋಗಿ ಅಸಿಮೋವ್ ಆಯಿತು. ಇಂಥ ತೊಡಕಿಗೆಂದೇ ‘ಸೌಂಡೆಕ್ಸ್’ ಇದೆ. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಉಳಿದ ವ್ಯಂಜನಗಳನ್ನು ಉಚ್ಚಾರದ ಮೇಲೆ ಅಂಕಿಗೆ ಇಳಿಸುವ ಪದ್ಧತಿ. ಅಸಿಮೋವ್, ಅಝಿಮೋವ್ ಎರಡಕ್ಕೂ ‘ಎ251’ ಬರುತ್ತದೆ, ಒಂದೇ ಹುಡುಕಾಟಕ್ಕೆ ಇಬ್ಬರೂ ಸಿಗುತ್ತಾರೆ. ಆದರೆ ಗುಮಾಸ್ತ ಒಝಿಮೋವ್ ಎಂದು ಬರೆದಿದ್ದರೆ ಮೊದಲಕ್ಷರ ಬೇರೆ, ಸೌಂಡೆಕ್ಸ್ ಕೈಕೊಡುತ್ತದೆ. ಪೂರ್ವ ಯುರೋಪಿನ ಯಹೂದಿ ಹೆಸರುಗಳಿಗಾಗಿ ಮಾಡಿದ ಡೈಚ್-ಮೊಕೊಟಾಫ್ ಪದ್ಧತಿಯಲ್ಲಿ ಮೊದಲ ಸ್ವರ ಯಾವುದಿದ್ದರೂ ಸೊನ್ನೆ, ಮೂರಕ್ಕೂ ‘046700’. ಜ್ಯೂಯಿಶ್‌ಜೆನ್‌ನಲ್ಲಿ ಇದನ್ನೇ ಬಳಸಿ.

ಭಾರತ ಮೂಲದವರ ವಿಷಯದಲ್ಲಿ ತೊಂದರೆ ಇನ್ನೊಂದು ಬಗೆಯದು. ಮೈಸೂರಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರ ‘ಎ’ ಅತ್ತಿಪಟ್, ‘ಕೆ’ ತಂದೆ ಕೃಷ್ಣಸ್ವಾಮಿ. ಅಮೆರಿಕದ ನಮೂನೆಗೆ ಇನಿಷಿಯಲ್ ಲೆಕ್ಕ ಗೊತ್ತಿಲ್ಲ. ಅತ್ತಿಪಟ್ ಎಂಬುದು ಅಲ್ಲಿ ಅವರ ಸ್ವಂತ ಹೆಸರಾಗಿಬಿಡುತ್ತದೆ. ಇಂಥವರನ್ನು ಹುಡುಕುವಾಗ ಮೂರು ಪದಗಳನ್ನೂ ಮೂರು ಜಾಗದಲ್ಲೂ ಹಾಕಿ ನೋಡಿ.

ಹಂತ 4: ಪ್ರಾಧ್ಯಾಪಕರಾಗಿದ್ದರಿಂದ ಸಿಗುವ ಲಾಭ

ಬರೀ ಲೇಖಕರಿಗಿಂತ ಪ್ರಾಧ್ಯಾಪಕರನ್ನು ಹುಡುಕುವುದು ಸುಲಭ, ವಿಶ್ವವಿದ್ಯಾಲಯಗಳು ಕಾಗದ ಎಸೆಯುವುದಿಲ್ಲ. ಆ ಕಾಲದ ಎಷ್ಟೋ ಪಿಎಚ್.ಡಿ. ಪ್ರಬಂಧಗಳ ಕೊನೆಗೆ ‘ವೀಟಾ’ ಎಂಬ ಪುಟ ಇರುತ್ತದೆ. ಅಭ್ಯರ್ಥಿ ತನ್ನ ಹುಟ್ಟೂರು, ದಿನಾಂಕ, ಓದಿದ ಶಾಲೆಗಳನ್ನು ಬರೆದ ಕಿರುಪರಿಚಯ ಅದು. ಅಸಿಮೋವ್ ಕೊಲಂಬಿಯಾದಲ್ಲಿ 1948ರಲ್ಲಿ ಪಿಎಚ್.ಡಿ. ಪಡೆದವರು. ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಬೋಸ್ಟನ್ ವಿಶ್ವವಿದ್ಯಾಲಯದ ಹೋವರ್ಡ್ ಗಾಟ್ಲೀಬ್ ಸಂಗ್ರಹಾಲಯದಲ್ಲಿದೆ. ಇಂಥ ಕಡೆ ಮೊದಲು ಕೇಳಬೇಕಾದದ್ದು ‘ಫೈಂಡಿಂಗ್ ಏಡ್’, ಅಂದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿ. "ಅವರ ಕುಟುಂಬದ ಬಗ್ಗೆ ಇರುವುದೆಲ್ಲ ಕಳಿಸಿ" ಎಂದು ಬರೆದರೆ ಉತ್ತರ ಬರುವುದಿಲ್ಲ. ಇಂಥ ಪೆಟ್ಟಿಗೆಯ ಇಂಥ ಕಡತ ಎಂದು ಕೇಳಿದರೆ ಗ್ರಂಥಪಾಲಕರು ಸಾಮಾನ್ಯವಾಗಿ ಸಹಾಯ ಮಾಡುತ್ತಾರೆ.

ಸೈನ್ಯದ ಕಡತದ ಮೇಲೆ ಹೆಚ್ಚು ಆಸೆ ಬೇಡ. ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಲ್ಲಿ 1973ರ ಜುಲೈ 12ರಂದು ಬಿದ್ದ ಬೆಂಕಿ 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಸುಮಾರು 80 ಶೇಕಡಾ ಕಡತಗಳನ್ನು ಸುಟ್ಟಿತು. ಅಸಿಮೋವ್ ಬಿಡುಗಡೆಯಾದದ್ದು 1946ರಲ್ಲಿ. ಸೈನ್ಯಕ್ಕೆ ಹೆಸರು ನೋಂದಾಯಿಸಿದ ಚೀಟಿಗಳು, ಅಂದರೆ ಡ್ರಾಫ್ಟ್ ಕಾರ್ಡುಗಳು, ಬೇರೆಡೆ ಇದ್ದದ್ದರಿಂದ ಉಳಿದವು. ಅವು ಫ್ಯಾಮಿಲಿಸರ್ಚ್‌ನಲ್ಲೇ ಸಿಗುತ್ತವೆ.

ಹಂತ 5: ಹಡಗಿನ ಪಟ್ಟಿ

ಕುಟುಂಬ ಲಿವರ್‌ಪೂಲಿನಿಂದ ಆರ್‌ಎಂಎಸ್ ಬಾಲ್ಟಿಕ್ ಹಡಗಿನಲ್ಲಿ ಹೊರಟು 1923ರ ಫೆಬ್ರುವರಿ 3ರಂದು ನ್ಯೂಯಾರ್ಕ್ ಮುಟ್ಟಿತು. ಐಸಾಕ್‌ಗೆ ಮೂರು ವರ್ಷ. ಎಲ್ಲಿಸ್ ಐಲ್ಯಾಂಡ್ (ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ) ಪ್ರತಿಷ್ಠಾನದ ತಾಣದಲ್ಲಿ ಪ್ರಯಾಣಿಕರ ಪಟ್ಟಿ ಉಚಿತ. ಹೆಸರಿನಿಂದ ಸಿಗದಿದ್ದರೆ ಹಡಗು ಮತ್ತು ದಿನಾಂಕ ಹಿಡಿದು ಪುಟ ಪುಟ ತಿರುವಿ. ಸ್ಟೀವ್ ಮೋರ್ಸ್ ಎಂಬುವರು ಮಾಡಿಟ್ಟಿರುವ ‘ಒನ್-ಸ್ಟೆಪ್’ ಪುಟಗಳು ಇದಕ್ಕೆ ಬಲು ಅನುಕೂಲ.

ಇಲ್ಲಿ ತಪ್ಪುವವರೇ ಹೆಚ್ಚು. ಪಟ್ಟಿ ಎರಡು ಪುಟಕ್ಕೆ ಹರಡಿರುತ್ತದೆ, ಎಡಪುಟ ಇಳಿಸಿಕೊಂಡು ಖುಷಿಯಾಗಿ ಹೋಗಿಬಿಡುತ್ತಾರೆ. ಎರಡೂ ಪುಟ ಓದಿ. ಊರಿನಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿ ಯಾರು, ಅಮೆರಿಕದಲ್ಲಿ ಯಾರ ಮನೆಗೆ ಹೋಗುತ್ತಿದ್ದಾರೆ ಎಂಬ ಅಂಕಣಗಳೇ ವಂಶ ಹುಡುಕುವವರಿಗೆ ಬೇಕಾದವು. ಒಂದು ತಲೆಮಾರು ಮೇಲಕ್ಕೆ ಹೋಗುವ ಏಣಿ ಎಷ್ಟೋ ಸಲ ಅಲ್ಲಿರುತ್ತದೆ.

"ಎಲ್ಲಿಸ್ ಐಲ್ಯಾಂಡಿನ ಅಧಿಕಾರಿ ನಮ್ಮಜ್ಜನ ಹೆಸರು ಬದಲಿಸಿದ" ಎಂಬ ಕಥೆ ಅಮೆರಿಕದ ಮನೆಮನೆಯಲ್ಲೂ ಕೇಳಿಬರುತ್ತದೆ. ನಂಬಬೇಡಿ. ಪಟ್ಟಿ ತಯಾರಾಗುತ್ತಿದ್ದದ್ದು ಹೊರಡುವ ಬಂದರಿನಲ್ಲಿ, ಹಡಗು ಕಂಪನಿಯವರ ಕೈಯಲ್ಲಿ. ಎಲ್ಲಿಸ್ ಐಲ್ಯಾಂಡಿನವರು ಅದಕ್ಕೆ ಟಿಕ್ ಹಾಕುತ್ತಿದ್ದರು, ಅಷ್ಟೆ. ಹೆಸರು ಬದಲಿಸಿಕೊಂಡವರು ಜನರೇ.

ಹಂತ 6: ಪೌರತ್ವದ ಕಾಗದ

ಅಸಿಮೋವ್ 1928ರಲ್ಲಿ, ಎಂಟನೆಯ ವಯಸ್ಸಿನಲ್ಲಿ ಅಮೆರಿಕದ ಪ್ರಜೆಯಾದರು. ಎಂಟು ವರ್ಷದ ಹುಡುಗ ಅರ್ಜಿ ಹಾಕುವುದಿಲ್ಲವಲ್ಲ? ಅಪ್ರಾಪ್ತ ಮಕ್ಕಳಿಗೆ ಪೌರತ್ವ ತಂದೆಯಿಂದ ಇಳಿದು ಬರುತ್ತಿತ್ತು. ಹಾಗಾಗಿ ಹುಡುಕಬೇಕಾದದ್ದು ಜೂಡಾ ಅವರ ಕಾಗದ. ಅದು ಎರಡು ಹಂತದ್ದು: ಮೊದಲು ಪ್ರಜೆಯಾಗುವ ಇಂಗಿತದ ಘೋಷಣೆ, ಕೆಲವು ವರ್ಷದ ಮೇಲೆ ಅರ್ಜಿ. ಅರ್ಜಿಯಲ್ಲಿ ಹೆಂಡತಿ, ಮಕ್ಕಳು, ಅವರ ಹುಟ್ಟಿದ ದಿನ, ಊರು ಎಲ್ಲ ಬರುತ್ತದೆ. 1906ರ ಸೆಪ್ಟೆಂಬರ್ 27ಕ್ಕೆ ಮುಂಚಿನವಾದರೆ ಯಾವ ಕೋರ್ಟಿನಲ್ಲಾದರೂ ಇರಬಹುದು, ವಿವರವೂ ಕಡಿಮೆ. ಆಮೇಲಿನವಕ್ಕೆ ದೇಶಾದ್ಯಂತ ಒಂದೇ ನಮೂನೆ, ಒಂದು ಪ್ರತಿ ವಾಷಿಂಗ್ಟನ್‌ಗೂ ಹೋಗುತ್ತಿತ್ತು.

ಹೆಂಡತಿಗೂ ಗಂಡನಿಂದಲೇ ಪೌರತ್ವ ಬರುತ್ತಿದ್ದ ಪದ್ಧತಿ 1922ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಆದ್ದರಿಂದ ಆ ನಂತರ ಪ್ರಜೆಯಾದ ಮನೆಯಲ್ಲಿ ತಾಯಿಯ ಅರ್ಜಿಯನ್ನು ಪ್ರತ್ಯೇಕವಾಗಿ ಹುಡುಕಿ. ತಾಯಿಯ ಕಡೆಯ ವಂಶಕ್ಕೆ ಅದು ಚಿನ್ನ. ನಿಮ್ಮ ಲೇಖಕರ ಕುಟುಂಬ 1924ರ ಜುಲೈ ನಂತರ ಬಂದಿದ್ದರೆ ವೀಸಾ ಕಡತವೂ ಇರುತ್ತದೆ, ಅದರೊಳಗೆ ಕೆಲವೊಮ್ಮೆ ಹುಟ್ಟೂರಿನ ಜನನಪತ್ರವೇ ಇರುತ್ತದೆ. ಅಸಿಮೋವ್ ಕುಟುಂಬ ಅದಕ್ಕೆ ಸ್ವಲ್ಪ ಮೊದಲೇ ಬಂದುಬಿಟ್ಟಿತು.

ಹಂತ 7: ಸಮುದ್ರದಾಚೆ

ಇಲ್ಲಿಂದ ನಿಧಾನ. ಭೂಪಟ ತೆಗೆಯಿರಿ. ಇಂದಿನ ಪೆತ್ರೊವಿಚಿ ರಷ್ಯಾದ ಸ್ಮೊಲೆನ್ಸ್ಕ್ ಪ್ರದೇಶದಲ್ಲಿದೆ, ಬೆಲರೂಸ್ ಗಡಿಗೆ ಹತ್ತಿರ. ಇದನ್ನು ನೋಡಿ ಸ್ಮೊಲೆನ್ಸ್ಕ್‌ಗೆ ಪತ್ರ ಬರೆದವರಿಗೆ ಮುತ್ತಜ್ಜ ಸಿಗುವುದು ಕಷ್ಟ. ಝಾರ್ ಕಾಲದಲ್ಲಿ ಆ ಊರು ಮೊಗಿಲೆವ್ ಗುಬೆರ್ನಿಯಕ್ಕೆ ಸೇರಿತ್ತು (ಗುಬೆರ್ನಿಯ ಎಂದರೆ ಪ್ರಾಂತ್ಯ). ಮೊಗಿಲೆವ್ ಈಗ ಬೆಲರೂಸಿನಲ್ಲಿದೆ, ಆ ಪ್ರಾಂತ್ಯದ ಹಳೆಯ ದಾಖಲೆಗಳಿಗೆ ಮಿನ್ಸ್ಕ್‌ನ ರಾಷ್ಟ್ರೀಯ ಐತಿಹಾಸಿಕ ದಾಖಲೆ ಭಂಡಾರವನ್ನು ಕೇಳಬೇಕು. ದಾಖಲೆ ಹುಟ್ಟಿದ ದಿನ ಊರು ಯಾರ ಆಡಳಿತದಲ್ಲಿತ್ತು ಎಂಬುದೇ ಲೆಕ್ಕ.

ಅಲ್ಲಿ ಹುಡುಕಬೇಕಾದದ್ದು ಎರಡು. ‘ಮೆಟ್ರಿಕಲ್ ಪುಸ್ತಕ’: 1835ರಿಂದ ಸರ್ಕಾರ ಗೊತ್ತುಮಾಡಿದ ರಬ್ಬಿಗಳು (ಯಹೂದಿ ಧರ್ಮಗುರುಗಳು) ಬರೆದಿಟ್ಟ ಯಹೂದಿಗಳ ಜನನ, ಮದುವೆ, ಮರಣದ ದಾಖಲೆ, ರಷ್ಯನ್ ಮತ್ತು ಹೀಬ್ರೂ ಎರಡರಲ್ಲೂ. ‘ರಿವಿಷನ್ ಪಟ್ಟಿ’: ತೆರಿಗೆಗಾಗಿ ಮಾಡಿದ ಮನೆಗಣತಿ, ಕೊನೆಯದು 1858ರ ಹೊತ್ತಿನದು. 1897ರ ಜನಗಣತಿಯ ಮನೆಹಾಳೆಗಳಲ್ಲಿ ಹೆಚ್ಚಿನವು ನಾಶವಾಗಿವೆ, ಅದನ್ನು ನೆಚ್ಚಬೇಡಿ. ದಿನಾಂಕಗಳು ಹಳೆಯ ಜೂಲಿಯನ್ ಪಂಚಾಂಗದವು. 19ನೇ ಶತಮಾನದ್ದಾದರೆ 12 ದಿನ, 20ನೇ ಶತಮಾನದ್ದಾದರೆ 13 ದಿನ ಕೂಡಿಸಿ. ರಷ್ಯಾ ಹೊಸ ಪಂಚಾಂಗಕ್ಕೆ ಬಂದದ್ದು 1918ರ ಫೆಬ್ರುವರಿಯಲ್ಲಿ.

ರಷ್ಯನ್ ದಾಖಲೆಯ ದೊಡ್ಡ ಉಪಕಾರವೆಂದರೆ ಪಿತೃನಾಮ. ಪ್ರತಿ ಹೆಸರಿನ ಜೊತೆ ತಂದೆಯ ಹೆಸರು ಅಂಟಿಕೊಂಡೇ ಬರುತ್ತದೆ. ಐಸಾಕ್ ಅಲ್ಲಿ ‘ಯೂದೊವಿಚ್’, ಅಂದರೆ ಯೂದಾನ ಮಗ. ಜೂಡಾ ಅವರ ದಾಖಲೆ ಸಿಕ್ಕಿತೆಂದರೆ ಅಜ್ಜನ ಹೆಸರು ಪುಕ್ಕಟೆ. ತಾಯಿಯ ಕಡೆಗೆ ಇನ್ನೊಂದು ಸುಳಿವು: ಲೇಖಕರಿಗೆ ಇಟ್ಟದ್ದು ತಾಯಿಯ ತಂದೆ ಐಸಾಕ್ ಬರ್ಮನ್ ಹೆಸರು. ಪೂರ್ವ ಯುರೋಪಿನ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುತ್ತಿರಲಿಲ್ಲ. ಹಾಗಾದರೆ ಆ ಅಜ್ಜ ಮೊಮ್ಮಗ ಹುಟ್ಟುವ ಮುನ್ನವೇ ತೀರಿಕೊಂಡಿರಬೇಕು, ಮರಣದ ದಾಖಲೆಯನ್ನು 1920ಕ್ಕೆ ಹಿಂದೆ ಹುಡುಕಬೇಕು. ಇದು ಊಹೆಯೇ, ಆದರೆ ಹುಡುಕಾಟದ ವರ್ಷಗಳನ್ನು ಕುಗ್ಗಿಸುವ ಊಹೆ. ತಖ್ತೆಯಲ್ಲಿ ಊಹೆ ಎಂದೇ ಬರೆಯಿರಿ.

ಮನೆತನದ ಹೆಸರು ಚಳಿಗಾಲದ ಬೆಳೆಗೆ ರಷ್ಯನ್ನರು ಹೇಳುವ ಪದದಿಂದ ಬಂತು, ಮುತ್ತಜ್ಜನ ಅಜ್ಜ ಆ ಧಾನ್ಯದ ವ್ಯಾಪಾರಿ ಎಂದು ಕುಟುಂಬದ ಹೇಳಿಕೆ. ಸಾಮ್ರಾಜ್ಯದ ಯಹೂದಿಗಳು ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಕಾನೂನಾದದ್ದು 1804ರಲ್ಲಿ, ಕಾಲವೇನೋ ಹೊಂದುತ್ತದೆ. ಹೊಂದಿದ ಮಾತ್ರಕ್ಕೆ ಸಾಬೀತಾಗಲಿಲ್ಲ. ಅದಕ್ಕೂ ಹಿಂದೆ ಹೋಗುವುದಾದರೆ ಮನೆತನದ ಹೆಸರು ಬಿಟ್ಟು ಪಿತೃನಾಮ ಹಿಡಿಯಬೇಕು.

ಊರಲ್ಲೇ ಉಳಿದ ದಾಯಾದಿಗಳನ್ನು ಹುಡುಕುವವರು ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆಯಲ್ಲಿರುವ, ನಾಜಿಗಳಿಗೆ ಬಲಿಯಾದ ಯಹೂದಿಗಳ ಹೆಸರುಗಳ ಸಂಗ್ರಹ ನೋಡಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಪೆತ್ರೊವಿಚಿಯ ಯಹೂದಿಗಳನ್ನು ಕೊಂದರು.

ನಿಮ್ಮ ಲೇಖಕರು ಆಫ್ರಿಕನ್ ಅಮೆರಿಕನ್ನರಾದರೆ

5 ಮತ್ತು 6ನೇ ಹಂತ ಬಿಡಿ. ನಿಮ್ಮ ದಾರಿಯಲ್ಲಿರುವ ಗೋಡೆಯ ಹೆಸರು 1870. ಗುಲಾಮರಾಗಿದ್ದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಜನಗಣತಿ ಅದು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇರುತ್ತದೆ, ಹೆಸರು ಇರುವುದಿಲ್ಲ. ಹಾಗಾಗಿ ಒಡೆಯನ ಕುಟುಂಬದ ಉಯಿಲು, ಆಸ್ತಿಪಟ್ಟಿ, ತೆರಿಗೆ ಲೆಕ್ಕಗಳನ್ನು ಓದಬೇಕಾಗುತ್ತದೆ. ಬಿಡುಗಡೆಯಾದ ಗುಲಾಮರ ನೆರವಿಗೆಂದು ಸರ್ಕಾರ 1865ರಿಂದ 1872ರವರೆಗೆ ನಡೆಸಿದ ಫ್ರೀಡ್‌ಮೆನ್ಸ್ ಬ್ಯೂರೊದ ಕಾಗದಗಳು ಆ ನಡುವಿನ ಸೇತುವೆ.

ಹಾರ್ವರ್ಡ್‌ನ ಪ್ರಾಧ್ಯಾಪಕ, ಲೇಖಕ ಹೆನ್ರಿ ಲೂಯಿಸ್ ಗೇಟ್ಸ್ ಜೂನಿಯರ್ ಅವರ ಮನೆತನದ ಹುಡುಕಾಟ ಇದಕ್ಕೆ ಒಳ್ಳೆಯ ಮಾದರಿ. ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನಲ್ಲಿದ್ದ ಮುತ್ತಜ್ಜನ ತಾಯಿ ಜೇನ್ ಗೇಟ್ಸ್ ಅವರ ಮಕ್ಕಳ ತಂದೆ ಸ್ಯಾಮ್ಯುಯೆಲ್ ಬ್ರೇಡಿ ಎಂಬ ಬಿಳಿಯ ಒಡೆಯ ಎಂದು ಮನೆಯವರು ತಲೆತಲಾಂತರದಿಂದ ನಂಬಿದ್ದರು. ಡಿಎನ್‌ಎ ಪರೀಕ್ಷೆ ಅದನ್ನು ಅಲ್ಲಗಳೆಯಿತು. ಇನ್ನೊಂದು ಕವಲಿನಲ್ಲಿ ಕಾಗದಗಳು ಜಾನ್ ರೆಡ್‌ಮನ್ ಎಂಬ ಸ್ವತಂತ್ರ ಕರಿಯ ಪೂರ್ವಜರನ್ನು ಕೊಟ್ಟವು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು.

ಡಿಎನ್‌ಎ ಮತ್ತು ಬದುಕಿರುವವರು

ಲೇಖಕರ ಕುಟುಂಬದವರಲ್ಲದ ನಿಮಗೆ ಡಿಎನ್‌ಎ ಹಾದಿ ಬಹುಮಟ್ಟಿಗೆ ಮುಚ್ಚಿದೆ, ಮುಚ್ಚಿಯೇ ಇರಲಿ. ಬದುಕಿರುವ ಮಕ್ಕಳು, ಸೋದರರ ಮಕ್ಕಳ ವಿಳಾಸ ಹುಡುಕಿ ಸಂದೇಶ ಕಳಿಸುವುದು ಸಂಶೋಧನೆಯಲ್ಲ, ಕಾಟ. ಕೇಳಲೇಬೇಕಾದರೆ ಪ್ರಕಾಶಕರ ಅಥವಾ ವಿಶ್ವವಿದ್ಯಾಲಯದ ಮೂಲಕ ಒಮ್ಮೆ ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ. ಫ್ಯಾಮಿಲಿಸರ್ಚ್‌ನ ಸಾರ್ವಜನಿಕ ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು. ಅಲ್ಲಿ ಪ್ರಸಿದ್ಧರ ಪುಟಗಳಿಗೆ ಆಧಾರವಿಲ್ಲದ ಪೂರ್ವಜರು ಬಂದು ಸೇರಿಕೊಳ್ಳುವುದು ಸಾಮಾನ್ಯ, ಒಂದೊಂದು ಮರ ಯುರೋಪಿನ ರಾಜಮನೆತನದವರೆಗೂ ಬೆಳೆದಿರುತ್ತದೆ. ಆ ಮರದಿಂದ ಹೆಸರು ನಕಲು ಮಾಡಬೇಡಿ. ಕೊಂಡಿಯ ಕೆಳಗೆ ದಾಖಲೆ ಲಗತ್ತಿಸಿದ್ದಾರೆಯೇ ನೋಡಿ, ಇದ್ದರೆ ದಾಖಲೆ ತೆರೆಯಿರಿ, ಇಲ್ಲದಿದ್ದರೆ ನಿಮ್ಮ ತಖ್ತೆಯಲ್ಲಿ ಆ ತಲೆಮಾರಿನ ಜಾಗವನ್ನು ಖಾಲಿಯೇ ಬಿಡಿ.